ಓಡಿಹೋಗುವ ಮಗು ಏನನ್ನು ಕಲಿತಿದೆ?
ವಯನಾಡಿನ ಗೋತ್ರಬಂಧು ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ತಂಗಿಯರೇ, ತಮ್ಮಂದಿರೇ,

ಹಾಡಿಯ ಮಕ್ಕಳು ಶಾಲೆ ಬಿಡುವ ವಿಷಯ ಎಲ್ಲಿ ಎತ್ತಿದರೂ ಒಂದು ಮಾತು ಬಂದೇ ಬರುತ್ತದೆ: ‘ಅವಕ್ಕೆ ಮೋಟಿವೇಶನ್ ಇಲ್ಲ ಸಾರ್.’ ಎಚ್.ಡಿ. ಕೋಟೆಯ ಸ್ಟಾಫ್ ರೂಮಿನಲ್ಲಿ ಕನ್ನಡದಲ್ಲಿ ಹೇಳುತ್ತಾರೆ, ಮಾನಂದವಾಡಿಯಲ್ಲಿ ಮಲಯಾಳದಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಶಿಕ್ಷಕರ ತರಬೇತಿಯಲ್ಲಿ ವರ್ಷಗಟ್ಟಲೆ ಮನೋವಿಜ್ಞಾನ ಪಾಠ ಮಾಡಿದ ನನಗೆ ಈ ಮಾತು ಕೇಳಿದಾಗೆಲ್ಲ ಸಂಕಟವಾಗುತ್ತದೆ. ಹೇಳುವವರು ಕೆಟ್ಟವರೆಂದಲ್ಲ. ಆ ಮಾತು ಯಾವ ಶಾಸ್ತ್ರದ ಹೆಸರು ಹೇಳಿಕೊಂಡು ಬರುತ್ತದೋ ಆ ಶಾಸ್ತ್ರದ ಪ್ರಕಾರವೇ ಅದು ತಪ್ಪು. ಮಧ್ಯಾಹ್ನದ ಬಿಸಿಲಲ್ಲಿ ಚೀಲ ಬಿಟ್ಟು, ಬೇಲಿ ಹಾರಿ, ಆನೆ ತಿರುಗುವ ಕಾಡುದಾರಿಯಲ್ಲಿ ಒಬ್ಬಂಟಿಯಾಗಿ ಮನೆಗೆ ಓಡುವ ಏಳು ವರ್ಷದ ಮಗುವಿಗೆ ಪ್ರೇರಣೆ ಇಲ್ಲ ಎಂದು ಹೇಗೆ ಹೇಳುವುದು?

ಈ ಪತ್ರವನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ. ನಿಮ್ಮಲ್ಲಿ ಕಾಟುನಾಯಕರ ಮನೆಯವರು ಆಡುವ ಮಾತು ಕನ್ನಡಕ್ಕೆ ತೀರಾ ಹತ್ತಿರದ್ದು. ನಮ್ಮ ಕಡೆಯ ಜೇನುಕುರುಬರ ಮಾತಿನ ಒಡಹುಟ್ಟು. ನೀವು ಅಡಿಯರೆಂದು ಕರೆಯುವ ಜನವೇ ಕೊಡಗಿನಲ್ಲಿ ಎರವರು. ಬೆಟ್ಟಕುರುಮರು, ಪಣಿಯರು ಕೂಲಿಗೆಂದು ಕುಟ್ಟದ ದಾರಿಯಲ್ಲೋ ಬಾವಲಿಯ ದಾರಿಯಲ್ಲೋ ಶುಂಠಿ ಹೊಲಗಳಿಗೆ ಬಂದುಹೋಗುತ್ತಲೇ ಇರುತ್ತಾರೆ. ರಾಜ್ಯದ ಗಡಿ ಈ ಮಕ್ಕಳ ಬದುಕಿನ ನಡುವೆ ಹಾದುಹೋಗಿದೆ. ಹಾಗಾಗಿ ನಿಮ್ಮ ತರಗತಿಯ ಮಾತು ಈಚೆ ಹುಣಸೂರು, ಗುಂಡ್ಲುಪೇಟೆ, ವಿರಾಜಪೇಟೆಯ ಆಶ್ರಮ ಶಾಲೆಗಳವರ ಕಿವಿಗೂ ಬೀಳಬೇಕು ಎಂಬುದು ನನ್ನ ಆಸೆ.

ನಿಮ್ಮ ಜಿಲ್ಲೆಯ ಲೆಕ್ಕ ನಿಮಗೆ ಗೊತ್ತಿದೆ, ನಮ್ಮವರಿಗಾಗಿ ಹೇಳುತ್ತೇನೆ. 2011ರ ಜನಗಣತಿಯಲ್ಲಿ ವಯನಾಡಿನ ಜನಸಂಖ್ಯೆ 8,17,420. ಅದರಲ್ಲಿ ಆದಿವಾಸಿಗಳು 1,51,443. ನೂರಕ್ಕೆ ಹದಿನೆಂಟರ ಮೇಲೆ. ಕೇರಳದ ಬೇರಾವ ಜಿಲ್ಲೆಯಲ್ಲೂ ಇಷ್ಟು ಪ್ರಮಾಣವಿಲ್ಲ. ಸಾಕ್ಷರತೆಗೆ ಹೆಸರಾದ ರಾಜ್ಯದಲ್ಲಿ ಶಾಲೆ ಬಿಡುವ ಮಕ್ಕಳ ಮಾತು ಬಂದಾಗ ಮೊದಲು ನೆನಪಾಗುವ ಜಿಲ್ಲೆಯೂ ಇದೇ. 2017ರಲ್ಲಿ ಸರ್ಕಾರ ಗೋತ್ರಬಂಧು ಯೋಜನೆ ತಂದು, ಶಿಕ್ಷಕ ತರಬೇತಿ ಮುಗಿಸಿದ್ದ ಆದಿವಾಸಿ ಯುವಕ ಯುವತಿಯರು 241 ಮಂದಿಯನ್ನು ಪ್ರಾಥಮಿಕ ಶಾಲೆಗಳಿಗೆ ನೇಮಿಸಿತು. ಮಗುವಿನ ಮನೆಮಾತು ಬಲ್ಲವರೊಬ್ಬರು ಶಾಲೆಯೊಳಗೆ ಇರಲಿ ಎಂಬುದು ಉದ್ದೇಶ. ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆದ ಅತ್ಯಂತ ವಿವೇಕದ ಕೆಲಸಗಳಲ್ಲಿ ಇದೊಂದು. ಅದು ಏಕೆ ಸರಿ ಎಂಬುದನ್ನು ಹೇಳಬಲ್ಲ ಶಾಸ್ತ್ರ ಬಹಳ ಹಿಂದೆಯೇ ಸಿದ್ಧವಾಗಿತ್ತು. ಅದನ್ನು ನಿಮ್ಮ ಕೈಗೆ ಕೊಡಬೇಕೆಂದೇ ಬರೆಯುತ್ತಿದ್ದೇನೆ, ಏಕೆಂದರೆ ನಾಳೆ ಯಾರಾದರೂ ‘ನಿಮ್ಮಿಂದ ಏನು ಪ್ರಯೋಜನ’ ಎಂದು ಕೇಳಿದರೆ ಉತ್ತರ ನಿಮ್ಮ ಬಳಿ ಇರಬೇಕು.

ಡಿ.ಎಡ್. ಓದುವಾಗ ನೀವು ಕ್ಲಾರ್ಕ್ ಹಲ್ ಎಂಬ ಹೆಸರನ್ನು ಒಂದು ಪುಟದಲ್ಲಿ ಓದಿ ಪರೀಕ್ಷೆ ಬರೆದು ಮರೆತಿರಬಹುದು. 1884ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಮಿಷಿಗನ್ನಿನ ಹೊಲಮನೆಯಲ್ಲಿ ಬೆಳೆದವರು. ಒಂದೇ ಕೋಣೆಯ ಹಳ್ಳಿ ಶಾಲೆಯಲ್ಲಿ ಕಲಿತು, ಹದಿನೇಳರ ವಯಸ್ಸಿಗೆ ಹಳ್ಳಿ ಶಾಲೆಯ ಮೇಷ್ಟ್ರೂ ಆದರು. ಗಣಿ ಎಂಜಿನಿಯರ್ ಆಗಲು ಹೊರಟವರಿಗೆ ಇಪ್ಪತ್ತನಾಲ್ಕರಲ್ಲಿ ಪೋಲಿಯೊ ತಗುಲಿ ಒಂದು ಕಾಲಿನ ಸ್ವಾಧೀನ ತಪ್ಪಿತು. ಆಮೇಲೆ ಮನೋವಿಜ್ಞಾನಕ್ಕೆ ಬಂದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಕೂತು 1943ರಲ್ಲಿ ‘ಪ್ರಿನ್ಸಿಪಲ್ಸ್ ಆಫ್ ಬಿಹೇವಿಯರ್’ ಪ್ರಕಟಿಸಿದರು. ಕಲಿಕೆ ಮತ್ತು ಅಭಿಪ್ರೇರಣೆ ಎರಡನ್ನೂ ಒಂದೇ ಗಣಿತದಲ್ಲಿ ಹಿಡಿಯುವ ಸಾಹಸ ಅದು.

ಸಾರ ಇಷ್ಟು. ಹಸಿವು, ಬಾಯಾರಿಕೆ, ನೋವು ಇಂಥ ಕೊರತೆಗಳು ಜೀವಿಯ ಒಳಗೆ ಒಂದು ತಹತಹ ಹುಟ್ಟಿಸುತ್ತವೆ. ಹಲ್ ಅದನ್ನು ಡ್ರೈವ್ ಎಂದರು. ಯಾವ ಕೆಲಸ ಮಾಡಿದಾಗ ಆ ತಹತಹ ತಗ್ಗುತ್ತದೋ ಆ ಕೆಲಸ ರೂಢಿಯಾಗಿ ಬೇರೂರುತ್ತದೆ. ಆದರೆ ರೂಢಿ ಇದ್ದಮಾತ್ರಕ್ಕೆ ವರ್ತನೆ ಹೊರಬರುವುದಿಲ್ಲ. ರೂಢಿಯ ಬಲವನ್ನು ತಹತಹದ ಬಲದಿಂದ ಗುಣಿಸಬೇಕು. ಕೂಡುವುದಲ್ಲ, ಗುಣಿಸುವುದು. ಮುಂದೆ ಸಿಗುವ ಪ್ರತಿಫಲದ ಆಕರ್ಷಣೆಯನ್ನೂ ಅವರು ಆಮೇಲೆ ಆ ಗುಣಾಕಾರದೊಳಗೇ ಸೇರಿಸಿದರು. ಅದರಿಂದ ದಣಿವು, ಬೇಸರಗಳನ್ನು ಕಳೆದರು. ಒಂದು ಅಂಶ ಸೊನ್ನೆಯಾದರೆ ಉಳಿದುದೆಲ್ಲ ಎಷ್ಟಿದ್ದರೂ ಉತ್ತರ ಸೊನ್ನೆ.

ಈ ಸೂತ್ರವನ್ನು ಹಲ್ ಕಟ್ಟಿದ್ದು ಬಹುಮಟ್ಟಿಗೆ ಇಲಿಗಳ ಮೇಲಿನ ಪ್ರಯೋಗದಿಂದ. ಮಕ್ಕಳನ್ನು ಇಲಿಗಳಂತೆ ಕಾಣಿ ಎಂದು ನಾನು ಹೇಳುತ್ತಿಲ್ಲ. ಆದಿವಾಸಿ ಮಕ್ಕಳ ಬಗ್ಗೆಯಂತೂ ಅಂಥ ಮಾತಿನ ನೆರಳೂ ಬೀಳಬಾರದು. ಸೂತ್ರದ ಎಲ್ಲ ಅಂಗಗಳೂ ಉಳಿದಿಲ್ಲ. ಯಾವ ಕೊರತೆಯೂ ತೀರದೆ, ಬರೀ ಕುತೂಹಲಕ್ಕೇ ಕೋತಿಗಳು ಚಿಲಕದ ಒಗಟು ಬಿಡಿಸುವುದನ್ನು ಹ್ಯಾರಿ ಹಾರ್ಲೋ 1950ರಲ್ಲಿ ತೋರಿಸಿದರು. ಆದರೆ ಹಲ್ ಅವರ ಶಿಷ್ಯರೊಬ್ಬರು ಮಾಡಿದ ಒಂದು ಕೆಲಸ ಮಾತ್ರ ನಿಮ್ಮ ತರಗತಿಯ ಬಾಗಿಲಲ್ಲೇ ನಿಂತು ನೋಡಿದಂತಿದೆ.

ಅವರ ಹೆಸರು ನೀಲ್ ಮಿಲ್ಲರ್. ವರ್ಷ 1948. ಒಂದು ಪೆಟ್ಟಿಗೆಗೆ ಎರಡು ಕೋಣೆ, ಒಂದಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ಕಪ್ಪು. ಬಿಳಿ ಕೋಣೆಯಲ್ಲಿ ಇಲಿಗೆ ವಿದ್ಯುತ್ತಿನ ಆಘಾತ. ಕಪ್ಪು ಕೋಣೆಗೆ ಓಡಿದರೆ ಪಾರು. ಕೆಲವು ಸಲ ಹೀಗಾದ ಮೇಲೆ ಮಿಲ್ಲರ್ ಆಘಾತ ಕೊಡುವುದನ್ನು ನಿಲ್ಲಿಸಿ ಬಾಗಿಲು ಮುಚ್ಚಿದರು. ಪಕ್ಕದಲ್ಲಿ ಒಂದು ಪುಟ್ಟ ಚಕ್ರ, ಅದನ್ನು ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಆಘಾತವಿಲ್ಲ, ನೋವಿಲ್ಲ. ಆದರೂ ಇಲಿಗಳು ಚಡಪಡಿಸಿ, ಹುಡುಕಿ, ಚಕ್ರ ತಿರುಗಿಸುವುದನ್ನು ಕಲಿತವು. ಚಕ್ರ ಕೆಲಸ ಮಾಡದಂತೆ ಮಾಡಿದರೆ ಅದನ್ನು ಬಿಟ್ಟು ಸನ್ನೆಕೋಲು ಒತ್ತುವುದನ್ನು ಕಲಿತವು. ಹಸಿವಿನಂತೆ ಭಯವೂ ಒಂದು ಡ್ರೈವ್ ಎಂದರು ಮಿಲ್ಲರ್. ಆದರೆ ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಆ ಭಯವನ್ನು ತಗ್ಗಿಸುವ ಯಾವುದೇ ಉಪಾಯವೂ ಬಹುಮಾನ ಸಿಕ್ಕ ಕೆಲಸದಂತೆಯೇ ಗಟ್ಟಿಯಾಗುತ್ತದೆ.

ಈಗ ಜೂನ್ ತಿಂಗಳ ಮೊದಲ ವಾರವನ್ನು ನೆನೆಯಿರಿ. ಪ್ರವೇಶೋತ್ಸವದ ಬಲೂನುಗಳು ಇನ್ನೂ ಬಾಗಿಲಲ್ಲಿ ನೇತಾಡುತ್ತಿವೆ. ಹೊರಗೆ ಮಳೆ. ನೂಲ್ಪುಳದ ಕಡೆಯ ಹಾಡಿಯೊಂದರ ಕಾಟುನಾಯಕ ಹುಡುಗ, ಹೊಸ ಯೂನಿಫಾರ್ಮ್, ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದಾನೆ. ಒಂದು ಕಾಲು ಬೆಂಚಿನ ಹೊರಗೇ ಇದೆ. ಟೀಚರ್ ಮಲಯಾಳದಲ್ಲಿ ಏನೋ ಕೇಳುತ್ತಾರೆ. ಎಲ್ಲ ಮಕ್ಕಳೂ ಕೈ ಎತ್ತುತ್ತಾರೆ. ಅವನ ಸರದಿ ಬರುತ್ತದೆ. ಅವನಿಗೆ ಬಂದ ಉತ್ತರ ಮನೆಯ ಮಾತಿನಲ್ಲಿದೆ; ಹೇಳುತ್ತಾನೆ. ತರಗತಿ ನಗುತ್ತದೆ. ಯಾರೂ ಹೊಡೆದಿಲ್ಲ, ಬೈದಿಲ್ಲ. ಟೀಚರಿಗೂ ಪಾಪ, ಅದರಲ್ಲಿ ತಪ್ಪೇನೂ ಕಂಡಿಲ್ಲ. ಊಟದ ಗಂಟೆ ಹೊಡೆದಾಗ ಆ ಹುಡುಗ ಕೈ ತೊಳೆಯುವ ಸಾಲಿನಿಂದ ಹಿಂದೆ ಸರಿದು, ಶೌಚಾಲಯದ ಹಿಂಬದಿಯಿಂದ ಕಾಫಿ ತೋಟಕ್ಕೆ ಇಳಿಯುತ್ತಾನೆ. ತೋಟ ದಾಟುತ್ತಿದ್ದಂತೆ ಎದೆಬಡಿತ ಇಳಿಯುತ್ತದೆ. ಅವನ ಪಾಲಿಗೆ ಬಹುಮಾನವೆಂದರೆ ಆ ಇಳಿದ ಎದೆಬಡಿತವೇ. ಮಾರನೆಯ ದಿನ ಅವನು ಇನ್ನೂ ಬೇಗ ಹೊರಡುತ್ತಾನೆ. ವಾರ ಕಳೆದರೆ ಶಾಲೆಗೆ ಕರೆದೊಯ್ಯುವ ಜೀಪು ಬಂದಾಗಲೇ ಮರದ ಮೇಲಿರುತ್ತಾನೆ.

ಅವನು ಕಲಿಯಲಿಲ್ಲ ಎನ್ನುತ್ತಾರಲ್ಲ, ಎಷ್ಟು ಚೆನ್ನಾಗಿ ಕಲಿತಿದ್ದಾನೆ ನೋಡಿ.

ಇದು ಅರ್ಥವಾದರೆ, ಇಷ್ಟು ಕೊಟ್ಟರೂ ಮಕ್ಕಳು ಏಕೆ ನಿಲ್ಲುವುದಿಲ್ಲ ಎಂಬ ಅಧಿಕಾರಿಗಳ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕೊಡುತ್ತಿರುವುದೇನೂ ಕಡಿಮೆಯಲ್ಲ. ಕರೆದೊಯ್ಯಲು ವಾಹನ, ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಪುಸ್ತಕ, ಬಟ್ಟೆ, ವಿದ್ಯಾರ್ಥಿವೇತನ. ಇವೆಲ್ಲ ಹಕ್ಕಿನಿಂದ ಬರಬೇಕಾದವು, ಒಂದನ್ನೂ ಕಡಿಮೆ ಮಾಡುವ ಮಾತು ಬೇಡ. ಆದರೆ ಇವು ಕೆಲಸ ಮಾಡುವುದು ಆಕರ್ಷಣೆಯ ಕಡೆಯಿಂದ. ಬಾಗಿಲ ಕಡೆಗೆ ಎಳೆಯುವ ಭಯ ಹಾಗೇ ಉಳಿದರೆ, ಮೊಟ್ಟೆಯ ದಿನ ಮಗು ಬಂದು ತಿಂದು ಹೋಗುತ್ತದೆ. ಅದಕ್ಕೆ ‘ತಿನ್ನಲಷ್ಟೇ ಬರ್ತಾವೆ’ ಎಂಬ ಹೆಸರೂ ಅಂಟುತ್ತದೆ. ಆ ಹೆಸರು ಇನ್ನೊಂದು ಆಘಾತ.

ಬಹುಮಾನದ ಬಗ್ಗೆ ವರ್ತನಾವಾದಿಗಳಿಗೆ ಗೊತ್ತಿದ್ದ ಮತ್ತೊಂದು ಸಂಗತಿಯನ್ನು ಯೋಜನೆ ಮಾಡುವವರು ಗಮನಿಸಿದಂತೆ ಕಾಣುವುದಿಲ್ಲ. 1942ರಲ್ಲಿ ಲಿಯೊ ಕ್ರೆಸ್ಪಿ ಎಂಬವರು, ಓಟದ ಕೊನೆಗೆ 256 ಕಾಳು ತಿಂದು ಅಭ್ಯಾಸವಾದ ಇಲಿಗಳಿಗೆ ಏಕಾಏಕಿ 16 ಕಾಳು ಕೊಟ್ಟರು. ಅವು ಮೊದಲಿನಿಂದಲೂ 16 ತಿನ್ನುತ್ತಿದ್ದವಕ್ಕಿಂತ ನಿಧಾನವಾದವು. ಒಂದು ವರ್ಷ ಸಂಭ್ರಮದಿಂದ ಹಂಚಿ ಮರುವರ್ಷ ಅರ್ಧಕ್ಕೆ ನಿಲ್ಲಿಸುವ ಯೋಜನೆ, ಮೊದಲೇ ಇಲ್ಲದಿದ್ದುದಕ್ಕಿಂತ ಹೆಚ್ಚು ಕೆಡುಕು ಮಾಡಬಹುದು. ಮಕ್ಕಳ ಮೇಲೆಯೇ ನಡೆದ ಪ್ರಯೋಗವೂ ಇದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಮೂವರೂ ಸೇರಿ, ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ, ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮುಂಚೆಯೇ ಹೇಳಿದರು. ಪತ್ರ ಸಿಕ್ಕಿತು. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರ ಬರೆದ ಹೊತ್ತು, ಪ್ರಶಸ್ತಿಯ ಆಸೆ ತೋರಿಸದ ಮಕ್ಕಳ ಸುಮಾರು ಅರ್ಧದಷ್ಟಿತ್ತು.

ವಯನಾಡಿನಲ್ಲಿ ಕೊಡುಗೆಗಳು ಮಕ್ಕಳನ್ನು ನಿಲ್ಲಿಸಲಾಗದಿರುವುದಕ್ಕೆ ಇನ್ನೂ ಆಳದ ಕಾರಣವೊಂದು ಸೇರಿಕೊಂಡಿದೆ ಎಂದು ನನಗನ್ನಿಸುತ್ತದೆ. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಜಮೀನ್ದಾರರು ಪಣಿಯರಿಗೆ, ಅಡಿಯರಿಗೆ ನಿಲ್ಪುಪಣವೆಂದು ಮುಂಗಡ ಕೊಟ್ಟು, ದೇವಿಯ ಮುಂದೆ ಮಾತು ತೆಗೆದುಕೊಂಡು, ವರ್ಷವಿಡೀ ದುಡಿಸುತ್ತಿದ್ದುದು ನಿಮ್ಮ ಅಜ್ಜ ಅಜ್ಜಿಯರ ಕಾಲದ ಮಾತು. ಜೀತ ನಿರ್ಮೂಲನೆಯ ಕಾನೂನು ಬಂದದ್ದು 1976ರಲ್ಲಿ. ಮುಂಗಡವಾಗಿ ಸಿಕ್ಕಿದ್ದು ಕೊನೆಗೆ ಕೊರಳಿಗೆ ಬೀಳುತ್ತದೆ ಎಂಬುದನ್ನು ಒಂದು ಜನಾಂಗ ತಲೆಮಾರುಗಟ್ಟಲೆ ಕಲಿತಿದೆ. ಅಂಥ ಮನೆಯವರು ಸಮವಸ್ತ್ರ, ಚೀಲ ಹೊತ್ತು ಬಂದವರನ್ನು ಕಂಡು ಕೂಡಲೇ ಬಾಗಿಲು ತೆರೆಯಲಿಲ್ಲವೆಂದರೆ ಅದನ್ನು ಉಡಾಫೆ ಎನ್ನಬೇಡಿ. ನೀವು ಎನ್ನುವುದಿಲ್ಲ, ಗೊತ್ತು. ಎನ್ನುವವರಿಗೆ ನೀವು ಹೇಳಬೇಕು.

ಹಾಗಾದರೆ ಭಯ ಹೋಗುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟ ಹೆಣ್ಣುಮಗಳ ಹೆಸರು ಮೇರಿ ಕವರ್ ಜೋನ್ಸ್. 1924ರಲ್ಲಿ ಅವರು ಪೀಟರ್ ಎಂಬ, ಇನ್ನೂ ಮೂರು ತುಂಬದ ಮಗುವಿನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಆಗದು. ಬಿಳಿ ಇಲಿ, ತುಪ್ಪಳದ ಕೋಟು, ಹತ್ತಿ, ಎಲ್ಲಕ್ಕೂ ಹೆದರುತ್ತಿದ್ದ. ಜೋನ್ಸ್ ಅವನಿಗೆ ‘ಹೆದರಬೇಡ’ ಎಂದು ಬುದ್ಧಿ ಹೇಳಲಿಲ್ಲ, ಧೈರ್ಯವಂತನಿಗೆ ಬಹುಮಾನ ಎನ್ನಲಿಲ್ಲ. ಮೊಲಕ್ಕೆ ಹೆದರದ ಮಕ್ಕಳನ್ನು ಜೊತೆಗೆ ಆಡಲು ಬಿಟ್ಟರು. ಅವನು ಇಷ್ಟದ ತಿಂಡಿ ತಿನ್ನುವಾಗ ಗೂಡಿನಲ್ಲಿದ್ದ ಮೊಲವನ್ನು ದೂರದಲ್ಲಿಟ್ಟು, ಅವನು ಸುಖವಾಗಿ ತಿನ್ನುತ್ತಿರುವಷ್ಟೇ ಹತ್ತಿರ ತಂದರು. ಮುಂದಿನ ಸಲ ಇನ್ನೊಂದು ಹೆಜ್ಜೆ. ಕೊನೆಗೆ ಮೊಲ ಅವನ ತೊಡೆಯ ಮೇಲಿತ್ತು. ಜೊತೆಗೊಂದು ಎಚ್ಚರಿಕೆಯನ್ನೂ ಜೋನ್ಸ್ ಬರೆದರು: ಅವಸರ ಮಾಡಿದರೆ ಭಯ ಊಟಕ್ಕೇ ಅಂಟಿಕೊಳ್ಳಬಹುದು.

ಈ ಪ್ರಯೋಗವನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಗೋತ್ರಬಂಧುಗಳ ಕೆಲಸದ ಬಗ್ಗೆ ತಿಳಿದ ಮೇಲೆ ಅದರ ಒಂದೊಂದು ಭಾಗವೂ ನನಗೆ ಹೊಸದಾಗಿ ಕಂಡಿತು. ಆ ಕೋಣೆಯಲ್ಲಿ ಹೆದರದೆ ಕೂತಿರುವ, ತನ್ನವರೇ ಆದ ಒಬ್ಬರು ಎಂದರೆ ನೀವು. ನೀವು ಟೀಚರ ಜೊತೆ ಮಲಯಾಳದಲ್ಲಿ ನಗುತ್ತ ಮಾತಾಡಿ, ತಿರುಗಿ ಅವನ ಹತ್ತಿರ ಅವನ ಮಾತಿನಲ್ಲಿ ಏನೋ ಕೇಳುತ್ತೀರಲ್ಲ, ಆಗ ಅವನಿಗೆ ಕಾಣುವುದು ಈ ಕೋಣೆಯಲ್ಲಿ ಬದುಕಬಹುದು ಎಂಬ ಸಾಕ್ಷಿ. ಇದನ್ನು ಯಾವ ಲ್ಯಾಪ್‌ಟಾಪೂ ಕೊಡಲಾರದು. ಎಷ್ಟೇ ಪ್ರೀತಿಯುಳ್ಳ ಹೊರಗಿನ ಮೇಷ್ಟ್ರೂ ಪೂರ್ತಿಯಾಗಿ ಕೊಡಲಾರ.

ಹಾಗಾಗಿ ನನ್ನ ಮೊದಲ ಕೋರಿಕೆ: ಊಟದ ಹೊತ್ತನ್ನು ಕಾಯಿರಿ. ಜೋನ್ಸ್ ಮೊಲ ತಂದದ್ದು ಊಟದ ಹೊತ್ತಿಗೆ ಎಂಬುದು ಸುಮ್ಮನೆ ಅಲ್ಲ. ಮಕ್ಕಳ ಸಾಲಿನಲ್ಲೇ ಕೂತು ಉಣ್ಣಿ. ಆ ಹೊತ್ತಿನಲ್ಲಿ ಯಾರೂ ಹಾಜರಿ ಕೇಳಬಾರದು, ಮಗ್ಗಿ ಕೇಳಬಾರದು, ‘ನಿನ್ನೆ ಏಕೆ ಬರಲಿಲ್ಲ’ ಎನ್ನಬಾರದು. ತಟ್ಟೆಯ ಮುಂದೆ ಬೈಸಿಕೊಂಡ ಮಗುವಿಗೆ ತಟ್ಟೆಯೇ ಬಿಳಿ ಕೋಣೆಯಾಗುತ್ತದೆ.

ಎರಡನೆಯದು ಸ್ವಲ್ಪ ಕಷ್ಟದ್ದು. ನಿಮ್ಮನ್ನು ಬೆಳಿಗ್ಗೆ ಹಾಡಿಗೆ ಹೋಗಿ ಮಕ್ಕಳನ್ನು ಹಿಡಿದು ತರುವವರನ್ನಾಗಿ ಮಾಡುವ ಒತ್ತಡ ಬರುತ್ತದೆ. ಗೈರುಹಾಜರಿ ಹೆಚ್ಚಿದ ತಿಂಗಳಲ್ಲಂತೂ ಎಲ್ಲರೂ ನಿಮ್ಮ ಕಡೆಗೇ ನೋಡುತ್ತಾರೆ. ಹೋಗಿ, ಖಂಡಿತ ಹೋಗಿ. ಮನೆಯವರ ಜೊತೆ ಕೂತು ಮಾತಾಡಿ. ಆದರೆ ಬಲವಂತವಾಗಿ ಎಳೆದು ತಂದ ದಿನ, ಆ ಮಗುವಿನ ಪಾಲಿಗೆ ನೀವೂ ಬಿಳಿ ಕೋಣೆಯ ಭಾಗವಾದಿರಿ. ಆಮೇಲೆ ನಿಮ್ಮ ಮಾತು ಕೇಳಿದರೂ ಅವನು ಓಡುತ್ತಾನೆ. ಮುಖ್ಯೋಪಾಧ್ಯಾಯರಿಗೆ ಇದನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಿ. ಹೇಳಲು ನಿಮಗೆ ಕಾನೂನಿನ ಬೆಂಬಲವಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 29ನೆಯ ಸೆಕ್ಷನ್, ಸಾಧ್ಯವಾದ ಮಟ್ಟಿಗೆ ಮಗುವಿನ ತಾಯಿನುಡಿಯಲ್ಲಿ ಕಲಿಸಬೇಕು, ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಬೇಕು ಎಂದು ಒಂದರ ಬೆನ್ನಿಗೊಂದು ಹೇಳುತ್ತದೆ. ಭಯ ತೆಗೆಯುವುದು ದಯೆಯ ವಿಷಯವಲ್ಲ, ಪಠ್ಯಕ್ರಮದ ಶರತ್ತು. ಈ ಎರಡು ಸೆಕ್ಷನ್‌ಗಳನ್ನು ಬರೆದು ಸ್ಟಾಫ್ ರೂಮಿನ ಗೋಡೆಗೆ ಹಚ್ಚಿ.

ಭಯವಿಲ್ಲದ ಕಡೆ ಈ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಹಲ್ ಅವರ ಸಮಕಾಲೀನ ಎದುರಾಳಿ ಎಡ್ವರ್ಡ್ ಟೋಲ್ಮನ್, ಹಾನ್ಜಿಕ್ ಜೊತೆ ಸೇರಿ 1930ರಲ್ಲಿ ತೋರಿಸಿದ್ದು ಬಹುಮಾನವಿಲ್ಲದೆಯೂ ಕಲಿಕೆ ನಡೆಯುತ್ತದೆ ಎಂಬುದನ್ನು. ಯಾವ ಪ್ರತಿಫಲವೂ ಇಲ್ಲದೆ ಹತ್ತು ದಿನ ಜಟಿಲ ದಾರಿಗಳಲ್ಲಿ ಅಲೆದ ಇಲಿಗಳು, ಹನ್ನೊಂದನೆಯ ದಿನ ಊಟ ಇಟ್ಟ ಕೂಡಲೇ ಮೊದಲಿನಿಂದ ಊಟ ಪಡೆಯುತ್ತಿದ್ದವಕ್ಕೆ ಸರಿಸಾಟಿಯಾಗಿ ಓಡಿದವು. ಅವು ಅಷ್ಟೂ ದಿನ ಕಲಿಯುತ್ತಲೇ ಇದ್ದವು, ತೋರಿಸಿಕೊಂಡಿರಲಿಲ್ಲ. ಹೆಜ್ಜೇನು, ಕೋಲುಜೇನು, ತುಡುವೆ ಯಾವುದೆಂದು ದೂರದಿಂದಲೇ ಹೇಳುವ, ಬಳ್ಳಿ ನೋಡಿ ನೆಲದಡಿಯ ಗೆಣಸನ್ನು ಗುರುತಿಸುವ ಹುಡುಗನಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ. ನಡವಯಲ್‌ನಲ್ಲಿ ಕೆ.ಜೆ. ಬೇಬಿ 1994ರಲ್ಲಿ ಶುರುಮಾಡಿದ ಕನವು ಶಾಲೆ ನಿಂತದ್ದು ಈ ನಂಬಿಕೆಯ ಮೇಲೆಯೇ. ಪರೀಕ್ಷೆ ಇಲ್ಲದೆ, ಹಾಡು, ಕಳರಿ, ಬೇಸಾಯ, ಓದು ಬರಹ ಎಲ್ಲ ಒಟ್ಟಿಗೆ. 2006ರಲ್ಲಿ ಅವರು ಶಾಲೆಯನ್ನು ಅಲ್ಲಿ ಬೆಳೆದ ಮಕ್ಕಳ ಕೈಗೇ ಒಪ್ಪಿಸಿದರು. ಬೇಬಿ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಸರ್ಕಾರಿ ಶಾಲೆ ಕನವು ಆಗಲಾರದು, ಆಗಬೇಕೆಂದೂ ಇಲ್ಲ. ಕುರಿಚ್ಯ ಸಮುದಾಯದ ಶ್ರೀಧನ್ಯಾ ಸುರೇಶ್ 2018ರ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ 410ನೆಯ ರ‍್ಯಾಂಕ್ ಪಡೆದದ್ದು ಇದೇ ಪರೀಕ್ಷೆಗಳ ದಾರಿಯಲ್ಲಿ ನಡೆದು. ಎರಡೂ ದಾರಿ ಬೇಕು. ಆದರೆ ಶಾಲೆಯ ಮೊದಲ ಎರಡು ವರ್ಷ ಭಯವಿಲ್ಲದೆ ಕಳೆಯದಿದ್ದರೆ ಮಗು ಯಾವ ದಾರಿಗೂ ಬರುವುದಿಲ್ಲ.

ಕೊನೆಯದಾಗಿ ಒಂದು ಕೆಲಸ ಕೇಳುತ್ತೇನೆ, ಇದನ್ನು ನೀವಲ್ಲದೆ ಬೇರಾರೂ ಮಾಡಲಾರರು. ಮಗು ಓಡಿದ ದಿನ ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಬೀಳುತ್ತದೆ, ಅಷ್ಟೇ. ನೀವು ಬೇರೊಂದು ನೋಟ್‌ಬುಕ್ ಇಡಿ. ಓಡುವ ಮುಂಚಿನ ಅರ್ಧ ಗಂಟೆಯಲ್ಲಿ ಏನು ನಡೆಯಿತು ಎಂಬುದನ್ನು ಬರೆಯಿರಿ. ಯಾರು ನಕ್ಕರು, ಯಾವ ಪಾಠ ನಡೆಯುತ್ತಿತ್ತು, ಯಾವ ಬೆಂಚಿಗೆ ಕಳಿಸಿದರು, ಶೌಚಾಲಯಕ್ಕೆ ಬಿಟ್ಟರೋ ಇಲ್ಲವೋ. ಕಾಫಿ ಕೊಯ್ಲಿಗೋ ಶುಂಠಿ ಕೆಲಸಕ್ಕೋ ಮನೆಯವರ ಜೊತೆ ಹೋದದ್ದನ್ನು ಬೇರೆಯಾಗಿ ಬರೆಯಿರಿ. ಅದು ಭಯದ ಓಟವಲ್ಲ, ಹೊಟ್ಟೆಪಾಡು, ಅದಕ್ಕೆ ಮದ್ದು ಬೇರೆ. ಮಗುವಿನ ಹೆಸರಾಗಲಿ ಟೀಚರ ಹೆಸರಾಗಲಿ ಬೇಡ. ಇದು ಯಾರ ಮೇಲೂ ದೂರಲ್ಲ. ಒಂದು ವರ್ಷ ಹೀಗೆ ಬರೆದರೆ, ನಿಮ್ಮ ನಿಮ್ಮ ಶಾಲೆಯಲ್ಲಿ ಬಿಳಿ ಕೋಣೆ ಯಾವುದೆಂದು ಬೊಟ್ಟು ಮಾಡಿ ತೋರಿಸಬಹುದು. ‘ಮೋಟಿವೇಶನ್ ಇಲ್ಲ’ ಎಂಬ ಮಾತಿಗೆ ಅದಕ್ಕಿಂತ ಗಟ್ಟಿ ಉತ್ತರ ನನಗೆ ತಿಳಿಯದು.

ಕರ್ನಾಟಕದ ಶಿಕ್ಷಣ ಇಲಾಖೆಯವರೂ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯವರೂ ಈ ಪತ್ರ ಓದಿದರೆ ಅವರಿಗೂ ಒಂದು ವಿನಂತಿ. ವಯನಾಡಿನ ಸುಲ್ತಾನ್ ಬತ್ತೇರಿ ಗುಂಡ್ಲುಪೇಟೆಯಿಂದ ದೂರವೇನಿಲ್ಲ. ಒಮ್ಮೆ ಹೋಗಿ, ಗೋತ್ರಬಂಧುಗಳಿರುವ ಶಾಲೆಯಲ್ಲಿ ಒಂದು ದಿನ ಪೂರ್ತಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಬಂದ ಮೇಲೆ ಜೇನುಕುರುಬ, ಬೆಟ್ಟಕುರುಬ, ಎರವ, ಸೋಲಿಗ ಮಕ್ಕಳಿರುವ ನಮ್ಮ ಶಾಲೆಗಳಿಗೂ ಆಯಾ ಸಮುದಾಯದ ಓದಿದ ಹುಡುಗ ಹುಡುಗಿಯರನ್ನು ಶಿಕ್ಷಕರಾಗಿ ನೇಮಿಸಿ. ಮುಂದಿನ ಜೂನ್‌ಗೆ ಮುಂಚೆ ನೇಮಿಸಿ.

ಇತಿ ನಿಮ್ಮ ವಿಶ್ವಾಸಿ,
ಮೈಸೂರು ಸೀಮೆಯ ಒಬ್ಬ ನಿವೃತ್ತ ಶಿಕ್ಷಕ ತರಬೇತುದಾರ